‘ಮಲಗುವ ಮುನ್ನ ಮೊಬೈಲ್’ ನೋಡುವವರಿಗೆ ಅಂಕ ಕಡಿಮೆ ಎಂದು ಬರೆಯಬಹುದೇ? ಮನಃಶಾಸ್ತ್ರದ ಮೊದಲ ಪಾಠಗಳ ಬಗ್ಗೆ ಒಂದು ಚರ್ಚೆ

ಪದವಿ ವಿದ್ಯಾರ್ಥಿನಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಮೊದಲ ವರ್ಷದಲ್ಲಿ ಮನಃಶಾಸ್ತ್ರವನ್ನು ಓದುತ್ತಿದ್ದೇನೆ. ನಮ್ಮ ಪಠ್ಯದ ಆರಂಭದಲ್ಲಿಯೇ ಸಂಶೋಧನಾ ವಿಧಾನಗಳು, ಮಿದುಳು ಮತ್ತು ನರಮಂಡಲ, ಇಂದ್ರಿಯಗಳು ಮತ್ತು ಗ್ರಹಿಕೆ ಎಂಬ ಮೂರು ಅಧ್ಯಾಯಗಳು ಸಾಲಾಗಿ ಬರುತ್ತವೆ. ಕನಸು, ಸಿಟ್ಟು, ಭಯ, ಸ್ನೇಹ ಇವುಗಳ ಬಗ್ಗೆ ಕಲಿಯುವ ಆಸೆಯಿಂದ ಈ ವಿಷಯ ತೆಗೆದುಕೊಂಡ ನನಗೆ ಈ ಮೂರಕ್ಕೂ ಪರಸ್ಪರ ಏನು ಸಂಬಂಧವೆಂದೇ ಅರ್ಥವಾಗಲಿಲ್ಲ.

ಇದರ ಜೊತೆಗೆ ಒಂದು ಕಿರು ಯೋಜನೆಯನ್ನೂ ಕೊಟ್ಟಿದ್ದಾರೆ. ನಾನು ನಮ್ಮ ಹಾಸ್ಟೆಲಿನ ನಲವತ್ತು ಮಂದಿಗೆ ಮೂರು ಪ್ರಶ್ನೆಗಳ ಹಾಳೆ ಹಂಚಿದೆ. ಮಲಗುವ ಮುನ್ನ ಮೊಬೈಲ್ ನೋಡುತ್ತೀರಾ, ಒತ್ತಡ ಇದೆಯೇ, ಕಳೆದ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಿದೆ ಎಂಬವು ಆ ಪ್ರಶ್ನೆಗಳು. ಮೊಬೈಲ್ ನೋಡುತ್ತೇವೆ ಎಂದವರ ಸರಾಸರಿ ಅಂಕ ಇಲ್ಲವೆಂದವರಿಗಿಂತ ಕಡಿಮೆ ಬಂತು. ‘ಮಲಗುವ ಮುನ್ನ ಮೊಬೈಲ್ ನೋಡುವುದರಿಂದ ಮಿದುಳಿನ ಶಕ್ತಿ ಕುಂದುತ್ತದೆ’ ಎಂದು ತೀರ್ಮಾನ ಬರೆದು ಒಪ್ಪಿಸಿದೆ. ನಮ್ಮ ಅಧ್ಯಾಪಕಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ‘ಮತ್ತೆ ಯೋಚಿಸು’ ಎಂದು ಬರೆದು ಹಾಳೆಯನ್ನು ಹಿಂದಿರುಗಿಸಿದ್ದಾರೆ. ತಪ್ಪೆಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಿಕೊಡಬೇಕು.

ನಿವೃತ್ತ ಉಪನ್ಯಾಸಕ, ಮಂಗಳೂರು

ಮಗಳೇ, ನಿನ್ನ ಎರಡು ಪ್ರಶ್ನೆಗಳೂ ಒಂದೇ ಪ್ರಶ್ನೆ. ಮೊದಲು ಒಂದು ಕೆಲಸ ಮಾಡು. ಗೆರೆ ಹಾಕಿದ ನೋಟ್ ಪುಸ್ತಕದ ಹಾಳೆಯಲ್ಲಿ ಎಡಗಡೆ ಒಂದು ಕೂಡಿಸುವ ಚಿಹ್ನೆಯನ್ನೂ, ಅದೇ ಸಾಲಿನಲ್ಲಿ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಒಂದು ಕಪ್ಪು ಚುಕ್ಕೆಯನ್ನೂ ಬರೆ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಚಿಹ್ನೆಯನ್ನೇ ನೋಡುತ್ತ ಪುಸ್ತಕವನ್ನು ನಿಧಾನವಾಗಿ ಮುಖದ ಹತ್ತಿರಕ್ಕೆ ತಾ. ಸುಮಾರು 30 ಸೆಂಟಿಮೀಟರಿಗೆ ಬಂದಾಗ ಚುಕ್ಕೆ ಕಾಣದಂತಾಗುತ್ತದೆ. ಕಣ್ಣಿನ ನರತಂತುಗಳೆಲ್ಲ ಒಟ್ಟಾಗಿ ಅಕ್ಷಿಪಟದಿಂದ (ಕಣ್ಣಿನ ಹಿಂಭಾಗದಲ್ಲಿ ಬಿಂಬ ಬೀಳುವ ಪರದೆಯಿಂದ) ಹೊರಗೆ ಹೋಗುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲದಿರುವುದು ಇದಕ್ಕೆ ಕಾರಣ. ಇದನ್ನು ಅಂಧಬಿಂದು ಎನ್ನುತ್ತೇವೆ. ಫ್ರಾನ್ಸಿನ ಮಾರಿಯಟ್ 17ನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿದ್ದ.

ಚುಕ್ಕೆ ಮಾಯವಾದ ಜಾಗದಲ್ಲಿ ಏನು ಕಾಣುತ್ತದೆ ಎಂಬುದನ್ನು ಈಗ ಗಮನಿಸು. ಅಲ್ಲಿ ತೂತು ಕಾಣುವುದಿಲ್ಲ, ಕಪ್ಪು ಕಲೆಯೂ ಕಾಣುವುದಿಲ್ಲ. ಪುಸ್ತಕದ ನೀಲಿ ಗೆರೆ ಎಲ್ಲಿಯೂ ತುಂಡಾಗದೆ ಮುಂದುವರಿದಂತೆ ಕಾಣುತ್ತದೆ. ಕಣ್ಣು ಕೊಡದ ಗೆರೆಯನ್ನು ಮಿದುಳು ಅಕ್ಕಪಕ್ಕದ ಗೆರೆಗಳನ್ನು ನೋಡಿ ತುಂಬಿಸಿದೆ, ಮತ್ತು ಹಾಗೆ ತುಂಬಿಸಿದ್ದನ್ನು ನಿನಗೆ ಹೇಳಿಯೇ ಇಲ್ಲ. ಹುಟ್ಟಿದಂದಿನಿಂದ ಎರಡು ಕಣ್ಣಿನಲ್ಲೂ ಈ ಖಾಲಿ ಜಾಗ ಇದ್ದರೂ ನಮ್ಮಲ್ಲಿ ಹೆಚ್ಚಿನವರಿಗೆ ಯಾರಾದರೂ ತೋರಿಸಿಕೊಡುವ ತನಕ ಅದು ಗೊತ್ತಾಗುವುದಿಲ್ಲ.

ನಿನ್ನ ಯೋಜನೆಯಲ್ಲಿ ನಡೆದದ್ದೂ ಇದೇ. ಮೊಬೈಲ್ ಇತ್ತು, ಅಂಕ ಕಡಿಮೆ ಇತ್ತು. ನಡುವಿನ ಗೆರೆಯನ್ನು ನೀನೇ ಎಳೆದೆ. ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುವುದಕ್ಕೆ ಸಹಸಂಬಂಧವೆನ್ನುತ್ತೇವೆ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಅಷ್ಟು ಸಾಲದು. ಅಂಕ ಕಡಿಮೆ ಬಂದ ಹುಡುಗಿಗೆ ಮನೆಯವರ ಮಾತಿನ ಚಿಂತೆಯಿಂದ ನಿದ್ದೆ ಬಾರದೆ ಆಕೆ ಮೊಬೈಲ್ ಹಿಡಿದಿರಬಹುದು. ಆಗ ಕಾರಣವು ನೀನು ಬರೆದ ದಿಕ್ಕಿಗೆ ತಿರುಗುಮುರುಗಾಗಿದೆ. ಊರಿನಲ್ಲಿ ತಾಯಿಗೆ ಹುಷಾರಿಲ್ಲದೆ ರಾತ್ರಿ ಮನೆಗೆ ಕರೆ ಮಾಡುತ್ತಲೇ ಇರುವವಳಿಗೆ ಮೊಬೈಲೂ ಹೆಚ್ಚು, ಓದಿನ ಸಮಯವೂ ಕಡಿಮೆ. ಅಲ್ಲಿ ಎರಡಕ್ಕೂ ಮೂರನೆಯದೊಂದು ಕಾರಣವಿದೆ. ಇನ್ನು ‘ಮಿದುಳಿನ ಶಕ್ತಿ’ಯನ್ನಂತೂ ನೀನು ಅಳೆದೇ ಇಲ್ಲ.

ಸಂಶೋಧಕನಿಗೂ ಇರುವುದು ಇದೇ ಕಣ್ಣು, ಇದೇ ಮಿದುಳು. ಅವನ ಮಿದುಳೂ ಹೇಳದೆ ಕೇಳದೆ ಗೆರೆ ತುಂಬಿಸುವುದರಿಂದಲೇ ವಿಧಾನಗಳ ಅಧ್ಯಾಯ ಪುಸ್ತಕದ ಮೊದಲಲ್ಲಿ ಇದೆ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದದ್ದನ್ನು ಪ್ರಾಯೋಗಿಕ ಮನಃಶಾಸ್ತ್ರದ ಆರಂಭವೆಂದು ಎಣಿಸುತ್ತಾರೆ. ನಮ್ಮ ದೇಶದಲ್ಲಿ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿಯೂ, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ವಿಭಾಗಗಳು ಆರಂಭವಾದವು. ಮೈಸೂರಿನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಸಿದವರು ಎಂಬುದನ್ನು ಕನ್ನಡದ ಮನಃಶಾಸ್ತ್ರ ವಿದ್ಯಾರ್ಥಿಗಳು ಅಭಿಮಾನದಿಂದ ತಿಳಿದಿರಬೇಕು.

ಬೋಟಿನಲ್ಲಿ ದುಡಿಯುವವ, ಮಲ್ಪೆ

ಮಾಷ್ಟ್ರು ಹೇಳಿದ ಚುಕ್ಕೆಯ ಪರೀಕ್ಷೆಯನ್ನು ಈಗಷ್ಟೇ ಮಾಡಿ ನೋಡಿದೆ, ನಿಜವಾಗಿಯೂ ಮಾಯವಾಯಿತು. ನನಗೆ ಬಹಳ ವರ್ಷಗಳಿಂದ ಉತ್ತರ ಸಿಗದ ಒಂದು ಸಂಗತಿಯನ್ನು ಇಲ್ಲಿ ಕೇಳುತ್ತೇನೆ. ನಾನು ಹೊಸದಾಗಿ ಬೋಟಿಗೆ ಸೇರಿದಾಗ ನಮ್ಮ ತಾಂಡೇಲರು (ಬೋಟು ನಡೆಸುವವರು) ರಾತ್ರಿ ದೂರದ ಬೋಟಿನ ಮಸುಕು ದೀಪವನ್ನು ನೇರವಾಗಿ ನೋಡಬಾರದು, ಅದರ ಸ್ವಲ್ಪ ಪಕ್ಕಕ್ಕೆ ನೋಡಬೇಕು ಎಂದು ಕಲಿಸಿದ್ದರು. ನೇರ ನೋಡಿದರೆ ದೀಪ ಕಳೆದುಹೋಗುತ್ತದೆ, ಪಕ್ಕಕ್ಕೆ ನೋಡಿದರೆ ಮತ್ತೆ ಬರುತ್ತದೆ. ಯಾರಾದರೂ ಬ್ಯಾಟರಿ ಹಾಕಿ ಕಣ್ಣಿಗೆ ಬೆಳಕು ಬಿಟ್ಟರೆ ಅವರು ಬಯ್ಯುತ್ತಿದ್ದರು, ಏಕೆಂದರೆ ಆಮೇಲೆ ಬಹಳ ಹೊತ್ತು ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. ಇದಕ್ಕೂ ಅಂಧಬಿಂದುವೇ ಕಾರಣವೇ?

ನೇತ್ರ ತಪಾಸಣಾ ತಂತ್ರಜ್ಞೆ, ಮಣಿಪಾಲ

ಅಣ್ಣಾ, ಇದಕ್ಕೆ ಅಂಧಬಿಂದು ಕಾರಣವಲ್ಲ. ನಿಮ್ಮ ತಾಂಡೇಲರು ಹೇಳಿದ್ದು ಅಕ್ಷರಶಃ ಸರಿ. ಅಕ್ಷಿಪಟದಲ್ಲಿ ಬೆಳಕಿಗೆ ಸ್ಪಂದಿಸುವ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಸುಮಾರು 60 ಲಕ್ಷ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ನೋಡುವ ಇವಕ್ಕೆ ಒಳ್ಳೆಯ ಬೆಳಕು ಬೇಕು. ದಂಡಕೋಶಗಳು ಸುಮಾರು 12 ಕೋಟಿ. ಬಣ್ಣ ತಿಳಿಯದ ಇವು ಅತಿ ಮಂದ ಬೆಳಕಿನಲ್ಲಿಯೂ ಕೆಲಸ ಮಾಡುತ್ತವೆ. ನಾವು ಒಂದು ವಸ್ತುವನ್ನು ನೇರವಾಗಿ ನೋಡುವಾಗ ಅದರ ಬಿಂಬ ಬೀಳುವ ನಟ್ಟನಡುವಿನ ಪುಟ್ಟ ಕುಳಿಯಲ್ಲಿ ಶಂಕುಕೋಶಗಳು ಮಾತ್ರ ಇರುತ್ತವೆ. ಆದ್ದರಿಂದ ಕತ್ತಲೆಯಲ್ಲಿ ನೇರ ನೋಡಿದರೆ ಮಸುಕು ದೀಪ ಕಾಣದಾಗುತ್ತದೆ, ಪಕ್ಕಕ್ಕೆ ನೋಡಿದರೆ ಅದರ ಬಿಂಬ ದಂಡಕೋಶಗಳಿರುವ ಕಡೆ ಬೀಳುತ್ತದೆ.

ಬ್ಯಾಟರಿಯ ಮಾತೂ ಹಾಗೆಯೇ. ದಂಡಕೋಶಗಳಲ್ಲಿರುವ ವರ್ಣದ್ರವ್ಯ ಪ್ರಖರ ಬೆಳಕಿಗೆ ಒಡೆದುಹೋಗುತ್ತದೆ, ಅದು ಮತ್ತೆ ಪೂರ್ತಿಯಾಗಿ ಕೂಡಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅದನ್ನು ಕಟ್ಟಲು ಎ ಜೀವಸತ್ವ ಬೇಕಾಗಿರುವುದರಿಂದಲೇ ಅದರ ಕೊರತೆಯಿರುವ ಮಕ್ಕಳಿಗೆ ಮೊದಲು ಇರುಳುಗಣ್ಣು ಬರುತ್ತದೆ. ದಂಡಕೋಶಗಳು ಕೆಂಪು ಬೆಳಕಿಗೆ ಬಹಳ ಕಡಿಮೆ ಸ್ಪಂದಿಸುವುದರಿಂದ ರಾತ್ರಿ ಬೋಟಿನೊಳಗೆ ಏನಾದರೂ ಓದಬೇಕಾದರೆ ಮಂದವಾದ ಕೆಂಪು ದೀಪ ಒಳ್ಳೆಯದು.

ಮಲ್ಲಿಗೆ ಬೆಳೆಗಾರ್ತಿ, ಶಂಕರಪುರ

ಕಣ್ಣಿನ ಮಾತಾಯಿತು, ಮೂಗಿನದ್ದನ್ನೂ ಕೇಳುತ್ತೇನೆ. ನಾನು ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಚೆಂಡು ಕಟ್ಟಲು ಕೂರುತ್ತೇನೆ. ಮೊದಲ ಸ್ವಲ್ಪ ಹೊತ್ತು ಚಾವಡಿಯೆಲ್ಲ ಪರಿಮಳ. ಚೆಂಡುಗಳನ್ನು ಸೇರಿಸಿದ ಅಟ್ಟೆ ಪೂರ್ತಿಯಾಗುವಷ್ಟರಲ್ಲಿ ನನಗೆ ಏನೂ ಗೊತ್ತಾಗುವುದಿಲ್ಲ, ಆದರೆ ಹೂವು ಒಯ್ಯಲು ಬಂದವರು ಗೇಟಿನಲ್ಲಿಯೇ ‘ಇವತ್ತು ಎಂಥ ಘಮ’ ಎನ್ನುತ್ತಾರೆ. ದಿನವೂ ಹೂವಿನೊಂದಿಗೇ ಇದ್ದು ನನ್ನ ಮೂಗು ಕೆಟ್ಟಿರಬಹುದೇ ಎಂಬ ಚಿಂತೆ ಇದೆ.

ನಿವೃತ್ತ ಉಪನ್ಯಾಸಕ, ಮಂಗಳೂರು

ತಾಯೀ, ನಿಮ್ಮ ಮೂಗು ಸರಿಯಾಗಿಯೇ ಇದೆ. ಬದಲಾಗದೆ ಉಳಿದ ಪ್ರಚೋದನೆಗೆ ಇಂದ್ರಿಯಗಳು ಕ್ರಮೇಣ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ; ಇದನ್ನು ಸಂವೇದನಾ ಹೊಂದಾಣಿಕೆ ಎನ್ನುತ್ತೇವೆ. ಇದೊಂದು ದೋಷವಲ್ಲ, ಉಪಕಾರ. ಒಲೆಯ ಮೇಲಿನ ಹಾಲು ಸೀದ ವಾಸನೆ ಬಂದರೆ ನಿಮಗೆ ಮಲ್ಲಿಗೆಯ ನಡುವೆಯೂ ತಕ್ಷಣ ತಿಳಿಯುವುದಕ್ಕೆ ಕಾರಣ, ಹಳೆಯ ಪರಿಮಳದ ಸುದ್ದಿಯನ್ನು ವ್ಯವಸ್ಥೆ ಬದಿಗಿಟ್ಟು ಹೊಸದಕ್ಕೆ ಜಾಗ ಇಟ್ಟುಕೊಂಡಿರುವುದು. ಸ್ವಲ್ಪ ಹೊತ್ತು ತೋಟದ ಗಾಳಿಗೆ ಹೋಗಿ ಮರಳಿ ಬನ್ನಿ, ಪರಿಮಳ ಮತ್ತೆ ಸಿಗುತ್ತದೆ.

ಇಂದ್ರಿಯಗಳು ವಸ್ತುವಿಗಿಂತ ವ್ಯತ್ಯಾಸವನ್ನು ಅಳೆಯುತ್ತವೆ ಎಂಬುದನ್ನು ಲೈಪ್‌ಜಿಗ್‌ನ ಅರ್ನ್ಸ್ಟ್ ವೇಬರ್ 19ನೆಯ ಶತಮಾನದಲ್ಲಿ ತೂಕಗಳನ್ನು ಎತ್ತಿಸಿ ತೋರಿಸಿದ. ಕೈಯಲ್ಲಿ ತೂಕ ಎತ್ತುವಾಗ ನಮಗೆ ಗೊತ್ತಾಗುವ ಅತಿ ಚಿಕ್ಕ ವ್ಯತ್ಯಾಸ ಸುಮಾರಾಗಿ ಐವತ್ತರಲ್ಲಿ ಒಂದು ಪಾಲು. ಆದ್ದರಿಂದ ಕಾಲು ಕಿಲೋ ಬೂತಾಯಿಯಲ್ಲಿ ಒಂದು ಮೀನು ಕಡಿಮೆಯಾದರೆ ಕೈಗೆ ತಿಳಿಯುತ್ತದೆ, ಐದು ಕಿಲೋದ ಚೀಲದಲ್ಲಿ ಅದೇ ಒಂದು ಮೀನು ಕಡಿಮೆಯಾದರೆ ತಿಳಿಯುವುದಿಲ್ಲ. ವೇಬರನ ಈ ಕೆಲಸವನ್ನು ಮುಂದುವರಿಸಿ ಫೆಕ್ನರ್ 1860ರಲ್ಲಿ, ಪ್ರಚೋದನೆಗೂ ನಮ್ಮ ಅನುಭವಕ್ಕೂ ಇರುವ ಸಂಬಂಧವನ್ನು ಅಳೆಯುವ ಮನೋಭೌತಶಾಸ್ತ್ರವೆಂಬ ಶಾಖೆಯನ್ನೇ ಕಟ್ಟಿದ.

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಬಂಟ್ವಾಳ

ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ಚಿತ್ರ ಬರೆದು ಮಕ್ಕಳಿಗೆ ಕಲಿಸುವುದು ಇನ್ನಾದರೂ ನಿಲ್ಲಬೇಕು. 1901ರ ಒಂದು ಜರ್ಮನ್ ಅಧ್ಯಯನದಲ್ಲಿ ಕಂಡ ಅಲ್ಪ ವ್ಯತ್ಯಾಸವನ್ನು ನಂತರದವರು ಉತ್ಪ್ರೇಕ್ಷಿಸಿ ಆ ನಕ್ಷೆಯನ್ನು ಮಾಡಿದರು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳಲ್ಲಿಯೂ ಎಲ್ಲ ಮೂಲ ರುಚಿಗಳು ತಿಳಿಯುತ್ತವೆ. ಒಂದು ಚಿಟಿಕೆ ಸಕ್ಕರೆಯನ್ನು ನಾಲಿಗೆಯ ಬದಿಗೆ ಇಟ್ಟು ನೋಡಿದರೆ ಸಾಕು. ಹಾಗೆಯೇ ಖಾರವೆಂಬುದು ನಾಲಿಗೆಯ ರುಚಿಯಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ಬಿಸಿಯನ್ನು ಗ್ರಹಿಸುವ ನರದ ಗ್ರಾಹಕವನ್ನೇ ಚುರುಕುಗೊಳಿಸುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕೋರಿ ಗಸಿ ಉಂಡಾಗ ಬೆವರುವುದು ಇದರಿಂದಲೇ. ದೇಹವು ಅದನ್ನು ನಿಜವಾದ ಬಿಸಿಯೆಂದೇ ತಿಳಿದು ತಣಿಸಲು ಹೊರಡುತ್ತದೆ.

ವಾಕ್ ಚಿಕಿತ್ಸಕಿ, ಮಂಗಳೂರು

ಮೂಲ ಬರಹದ ‘ಮಿದುಳಿನ ಶಕ್ತಿ’ ಎಂಬ ಮಾತಿಗೆ ಮರಳುತ್ತೇನೆ. ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ, ನರಕೋಶಗಳು ಸುಮಾರು 8,600 ಕೋಟಿ. ದೇಹದ ತೂಕದಲ್ಲಿ ಶೇ. 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಅದೊಂದೇ ಬಳಸುತ್ತದೆ. ನಾವು ಮಿದುಳಿನ ಹತ್ತನೇ ಒಂದು ಭಾಗವನ್ನಷ್ಟೇ ಬಳಸುತ್ತೇವೆ ಎಂಬ ಮಾತು ಸುಳ್ಳು. ಹಾಗಿದ್ದರೆ ಪಾರ್ಶ್ವವಾಯುವಿನಲ್ಲಿ ಒಂದು ಸಣ್ಣ ಭಾಗ ಕೆಟ್ಟಾಗ ಇಷ್ಟು ನಷ್ಟವಾಗುತ್ತಿರಲಿಲ್ಲ.

ನನ್ನ ಬಳಿಗೆ ಬರುತ್ತಿದ್ದ ಹಿರಿಯರೊಬ್ಬರ ಮಿದುಳಿನ ಎಡಭಾಗದ ಮುಂಭಾಗಕ್ಕೆ ಪಾರ್ಶ್ವವಾಯುವಿನಿಂದ ಪೆಟ್ಟಾಗಿತ್ತು. ಎದುರಿನಲ್ಲಿದ್ದ ಲೋಟವನ್ನು ತೋರಿಸಿ ಇದೇನೆಂದು ಕೇಳಿದರೆ ಅವರ ತುಟಿ ಅಲುಗುತ್ತಿತ್ತು, ಹಣೆಯಲ್ಲಿ ಬೆವರು ಬರುತ್ತಿತ್ತು, ಶಬ್ದ ಮಾತ್ರ ಬರುತ್ತಿರಲಿಲ್ಲ. ಲೋಟವನ್ನು ಕೊಡಿ ಎಂದರೆ ಸರಿಯಾಗಿ ಎತ್ತಿ ಕೊಡುತ್ತಿದ್ದರು. ಒಂದು ದಿನ ಅವರ ಮಗಳು ದಿನವೂ ಸಂಜೆ ಮನೆಯಲ್ಲಿ ಹೇಳುವ ಭಜನೆಯನ್ನು ಮೆಲ್ಲಗೆ ಶುರು ಮಾಡಿದಾಗ ಅವರು ಮೂರು ಸಾಲುಗಳನ್ನು ಪದಗಳ ಸಮೇತ ಹಾಡಿದರು. ಹಾಡು ಮುಗಿದ ಮೇಲೆ ಮತ್ತೆ ಲೋಟ ತೋರಿಸಿದೆ, ಶಬ್ದ ಬರಲಿಲ್ಲ. ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವಿವರಿಸಿದ ರೋಗಿಗೆ ‘ಟಾನ್’ ಎಂಬುದರ ಹೊರತು ಬೇರೆ ಮಾತು ಬರುತ್ತಿರಲಿಲ್ಲ ಎಂದು ಓದುವಾಗ ನನಗೆ ಇವರ ಮುಖವೇ ನೆನಪಾಗುತ್ತದೆ. ಮಾತನ್ನು ಕಟ್ಟುವುದು, ಅರ್ಥ ಮಾಡಿಕೊಳ್ಳುವುದು, ಕಂಠಪಾಠವಾದದ್ದನ್ನು ಹಾಡುವುದು ಇವು ಪೂರ್ತಿಯಾಗಿ ಒಂದೇ ದಾರಿಯನ್ನು ಅವಲಂಬಿಸಿಲ್ಲ. ಆದ್ದರಿಂದ ತಂಗೀ, ‘ಮಿದುಳಿನ ಶಕ್ತಿ’ ಎಂಬ ಒಂದೇ ವಸ್ತು ಎಲ್ಲಿಯೂ ಇಲ್ಲ. ಗಮನವೇ, ನೆನಪೇ, ನಿದ್ದೆಯೇ, ನೀನು ಏನನ್ನು ಅಳೆಯಬೇಕೆಂದಿರುವೆ ಎಂಬುದನ್ನು ಮೊದಲು ನಿರ್ಧರಿಸಬೇಕು.

ಒಬ್ಬ ಪೋಷಕ, ಕುಂದಾಪುರ

ಇಷ್ಟೆಲ್ಲ ಓದಿದ ಮೇಲೂ ನನ್ನ ಅನುಭವವನ್ನು ಹೇಳದಿರಲಾರೆ. ನನ್ನ ಮಗನಿಗೆ ಮಧ್ಯಾವಧಿ ಪರೀಕ್ಷೆಯಲ್ಲಿ ಹಿಂದೆಂದೂ ಬಾರದಷ್ಟು ಕಡಿಮೆ ಅಂಕ ಬಂತು. ಅಂದೇ ಮೊಬೈಲ್ ಕಿತ್ತುಕೊಂಡು ಕಪಾಟಿನಲ್ಲಿಟ್ಟೆ. ಮುಂದಿನ ಪರೀಕ್ಷೆಯಲ್ಲಿ ಅಂಕ ಏರಿತು. ಕಣ್ಣಾರೆ ಕಂಡದ್ದಕ್ಕೆ ಇನ್ನು ಯಾವ ವಿಧಾನ ಬೇಕು? ಹುಡುಗಿಯ ತೀರ್ಮಾನ ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಉಪನ್ಯಾಸಕ, ಮಂಗಳೂರು

ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ನಿಮ್ಮ ನಿರ್ಧಾರ ಮಗನಿಗೆ ಒಳ್ಳೆಯದನ್ನೇ ಮಾಡಿರಬಹುದು. ಆದರೆ ನೀವು ಮೊಬೈಲ್ ಕಿತ್ತುಕೊಂಡದ್ದು ಅವನ ಅತ್ಯಂತ ಕೆಟ್ಟ ಫಲಿತಾಂಶ ಬಂದ ದಿನವೇ. ಯಾವುದೇ ವಿದ್ಯಾರ್ಥಿಯ ಅಂಕ ತನ್ನ ಸಾಮಾನ್ಯ ಮಟ್ಟದ ಸುತ್ತ ಏರಿಳಿಯುತ್ತದೆ, ಅತ್ಯಂತ ಕೆಳಗಿನದ್ದರ ನಂತರ ಬರುವುದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಅಳತೆಗಳಲ್ಲಿ ಈ ಸರಾಸರಿಯತ್ತ ಮರಳುವಿಕೆಯನ್ನು ವಿವರಿಸಿದ. ಅದೇ ವಾರದಿಂದ ನೀವು ಮಗನ ಪಕ್ಕದಲ್ಲಿ ಕುಳಿತು ಓದಿಸಿರಲೂಬಹುದು, ಅವನೂ ಹೆದರಿ ಹೆಚ್ಚು ಓದಿರಬಹುದು. ಇವುಗಳನ್ನು ಬೇರ್ಪಡಿಸಲು ಮೊಬೈಲ್ ಕಿತ್ತುಕೊಳ್ಳದ, ಉಳಿದೆಲ್ಲದರಲ್ಲಿಯೂ ಅವನಂತೆಯೇ ಇರುವ ಹುಡುಗರ ಗುಂಪೊಂದು ಬೇಕು. ನಿಯಂತ್ರಿತ ಗುಂಪು ಎಂದರೆ ಇಷ್ಟೇ.

ಕಣ್ಣಾರೆ ಕಂಡದ್ದರ ಬಗ್ಗೆಯೂ ಒಂದು ಮಾತಿದೆ. 20ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಕೊಡುತ್ತಿತ್ತು. ವಿದ್ವಾಂಸರ ಸಮಿತಿಯೂ ಅದರಲ್ಲಿ ಮೋಸವನ್ನು ಕಾಣಲಿಲ್ಲ, ಏಕೆಂದರೆ ಯಾರೂ ಮೋಸ ಮಾಡುತ್ತಿರಲಿಲ್ಲ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿದಾಗ ಕುದುರೆ ಸೋಲುತ್ತದೆ ಎಂಬುದನ್ನು ಆಸ್ಕರ್ ಫುಂಗ್‌ಸ್ಟ್ ತೋರಿಸಿ 1907ರಲ್ಲಿ ಪ್ರಕಟಿಸಿದ. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನ ತಲೆ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಅಳೆಯುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಯಬಾರದು ಎಂಬ ನಿಯಮದ ಹಿಂದೆ ಇಂಥ ಅನುಭವಗಳಿವೆ.

ಸಂಶೋಧಕರೂ ಈ ಮಾತಿಗೆ ಹೊರತಲ್ಲ. ಮನಃಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದ ಫಲಿತಾಂಶ 2015ರಲ್ಲಿ ಬಂದಾಗ, ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಮಾತ್ರ ಸಾಂಖ್ಯಿಕವಾಗಿ ಗಣನೀಯವಾದ (ಬರೀ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ) ಪರಿಣಾಮ ಮತ್ತೆ ಕಂಡಿತ್ತು. ಅದನ್ನು ನಾನು ಈ ಶಾಸ್ತ್ರದ ಅವಮಾನವೆಂದು ಎಣಿಸುವುದಿಲ್ಲ. ತನ್ನ ಮನೆಯ ಕಸವನ್ನು ತಾನೇ ಗುಡಿಸಿ ಅಂಗಳದಲ್ಲಿ ತೋರಿಸಿದ ಶಾಸ್ತ್ರ ಇದು.

ನಿವೃತ್ತ ನ್ಯಾಯಾಲಯ ಬೆರಳಚ್ಚುಗಾರ, ಉಡುಪಿ

ಹೆದ್ದಾರಿ 66ರ ಅಪಘಾತಗಳ ಸಾಕ್ಷ್ಯವನ್ನು ಬಹಳ ವರ್ಷ ಬೆರಳಚ್ಚು ಮಾಡಿದವನು ನಾನು. ಒಂದೇ ಘಟನೆಯನ್ನು ನೋಡಿದ ಇಬ್ಬರು ಪ್ರಾಮಾಣಿಕರು ಎರಡು ಬಗೆಯಾಗಿ ಹೇಳುವುದನ್ನು ಕಂಡು ಬೇಸರಪಡುತ್ತಿದ್ದೆ. ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರ 1974ರ ಪ್ರಯೋಗದ ಬಗ್ಗೆ ಓದಿದ ಮೇಲೆ ಸಮಾಧಾನವಾಯಿತು. ಅಪಘಾತಗಳ ಅವೇ ಚಲನಚಿತ್ರ ತುಣುಕುಗಳನ್ನು ಎಲ್ಲರಿಗೂ ತೋರಿಸಿ, ಕಾರುಗಳು ‘ತಾಗಿದಾಗ’ ವೇಗವೆಷ್ಟಿತ್ತು ಎಂದು ಕೆಲವರನ್ನೂ, ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂಬ ಅರ್ಥದ ಕ್ರಿಯಾಪದ ಬಳಸಿ ಇನ್ನು ಕೆಲವರನ್ನೂ ಕೇಳಿದರು. ಎರಡನೆಯವರು ಹೆಚ್ಚಿನ ವೇಗ ಹೇಳಿದರು. ಇನ್ನೊಂದು ಪ್ರಯೋಗದಲ್ಲಿ ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರಲ್ಲಿ, ಉಳಿದವರಿಗೆ ಹೋಲಿಸಿದರೆ ಹೆಚ್ಚು ಮಂದಿ ಒಂದು ವಾರದ ನಂತರ ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನೂ ನೋಡಿದೆವೆಂದರು. ಪ್ರಶ್ನೆಯ ಒಂದು ಪದ ಉತ್ತರವನ್ನು ಬದಲಿಸುತ್ತದೆ. ಪ್ರಶ್ನಾವಳಿ ಬರೆಯುವವರು ಇದನ್ನು ನೆನಪಿಡಬೇಕು.

ಆಶಾ ಕಾರ್ಯಕರ್ತೆ, ಕಾರ್ಕಳ

ಹಿಂದಿನವರು ಹೇಳಿದ್ದಕ್ಕೆ ನನ್ನ ಕೆಲಸದ ಒಂದು ದಿನವನ್ನು ಸೇರಿಸುತ್ತೇನೆ. ಮನೆಮನೆ ಸಮೀಕ್ಷೆಯಲ್ಲಿ ‘ನಿಮಗೆ ಒತ್ತಡ ಇದೆಯೇ?’ ಎಂಬ ಪ್ರಶ್ನೆಯಿತ್ತು. ಅಜ್ಜಿಯೊಬ್ಬರು ‘ಇತ್ತು, ಈಗ ದಿನಾ ಗುಳಿಗೆ ತೆಗೆದುಕೊಂಡು ಕಡಿಮೆಯಾಗಿದೆ’ ಎಂದರು. ಅವರು ಹೇಳಿದ್ದು ರಕ್ತದೊತ್ತಡದ ಬಗ್ಗೆ. ನಾನು ಹಾಳೆಯನ್ನು ಮಡಚಿ ತುಳುವಿನಲ್ಲಿ ‘ಮಂಡೆಬೆಚ್ಚ’ (ತಲೆಬಿಸಿ, ಚಿಂತೆ) ಇದೆಯೇ ಎಂದು ಕೇಳಿದ್ದೇ ತಡ, ಕೊಲ್ಲಿಯಲ್ಲಿರುವ ಮಗ ಕರೆ ಮಾಡದೆ ಎರಡು ತಿಂಗಳಾಯಿತು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗೆಯೇ ‘ಬೇಜಾರು’ ಎಂದರೆ ಒಬ್ಬರಿಗೆ ದುಃಖ, ಇನ್ನೊಬ್ಬರಿಗೆ ಹೊತ್ತು ಹೋಗದಿರುವುದು, ಮತ್ತೊಬ್ಬರಿಗೆ ಸಿಟ್ಟು. ತಂಗೀ, ನಿನ್ನ ಹಾಳೆಯ ಪ್ರಶ್ನೆಗಳನ್ನು ಹಂಚುವ ಮೊದಲು ನಾಲ್ಕು ಜನರಿಗೆ ಓದಿ ಹೇಳಿ, ನಿಮಗೆ ಇದರ ಅರ್ಥವೇನು ಎಂದು ಕೇಳಿದ್ದೆಯಾ?

ಪದವಿ ವಿದ್ಯಾರ್ಥಿನಿ, ಉಡುಪಿ

ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅಕ್ಕ ಕೇಳಿದ ಪ್ರಶ್ನೆಯನ್ನು ನಿನ್ನೆ ರಾತ್ರಿ ನನ್ನ ಕೋಣೆಯವಳಲ್ಲಿಯೇ ಕೇಳಿದೆ. ಅವಳು ನನ್ನ ಹಾಳೆಯಲ್ಲಿ ‘ಮಲಗುವ ಮುನ್ನ ಮೊಬೈಲ್ ನೋಡುವುದಿಲ್ಲ’ ಎಂದು ಬರೆದಿದ್ದಳು, ಆದರೆ ದೀಪ ಆರಿಸಿದ ಮೇಲೂ ಅವಳ ಹಾಸಿಗೆಯಲ್ಲಿ ಬೆಳಕು ಇರುವುದನ್ನು ನಾನು ದಿನವೂ ಕಾಣುತ್ತೇನೆ. ಕಾರಣ ಕೇಳಿದಾಗ ಅವಳು ಸಹಜವಾಗಿ, ‘ಮಲಗುವ ಮುನ್ನ ಓದುತ್ತಿರುತ್ತೇನೆ, ಮಲಗಿದ ಮೇಲೆ ತಾನೇ ಮೊಬೈಲ್ ನೋಡುವುದು’ ಎಂದಳು. ಅವಳು ಸುಳ್ಳು ಬರೆದಿರಲಿಲ್ಲ. ಮಲಗುವುದೆಂದರೆ ನನಗೆ ನಿದ್ದೆ ಹೋಗುವುದು, ಅವಳಿಗೆ ಹಾಸಿಗೆಯಲ್ಲಿ ಒರಗುವುದು. ನಲವತ್ತು ಹಾಳೆಗಳಲ್ಲಿ ಎಷ್ಟು ಮಂದಿ ಯಾವ ಅರ್ಥದಲ್ಲಿ ಉತ್ತರಿಸಿದ್ದಾರೆಂದು ಈಗ ತಿಳಿಯುವ ದಾರಿಯಿಲ್ಲದ ಕಾರಣ ಅವನ್ನೆಲ್ಲ ಬದಿಗಿಟ್ಟಿದ್ದೇನೆ.

ಅಧ್ಯಾಪಕಿಯವರೊಂದಿಗೆ ಕುಳಿತು ಹೊಸ ಯೋಜನೆ ಬರೆದಿದ್ದೇನೆ. ಅಂಕದ ಬದಲು ಬೆಳಿಗ್ಗೆ ಹದಿನೈದು ಪದಗಳ ಪಟ್ಟಿಯನ್ನು ಓದಿಸಿ ಎಷ್ಟು ನೆನಪಿದೆ ಎಂದು ಅಳೆಯುತ್ತೇನೆ. ಒಪ್ಪಿಗೆಯ ಹಾಳೆಗೆ ಸಹಿ ಮಾಡಿದವರು ಮಾತ್ರ ಸೇರುತ್ತಾರೆ, ಬೇಡವೆನಿಸಿದ ದಿನ ಕಾರಣ ಹೇಳದೆ ಬಿಡಬಹುದು. ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎರಡು ಗುಂಪು ಮಾಡುತ್ತೇವೆ; ಒಂದು ಗುಂಪಿನವರು ಎರಡು ವಾರ ರಾತ್ರಿ ಹತ್ತರ ನಂತರ ಮೊಬೈಲನ್ನು ಮೇಜಿನ ಮೇಲೆ ಇಡುತ್ತಾರೆ, ಇನ್ನೊಂದು ಗುಂಪಿನವರು ಎಂದಿನಂತೆ ಇರುತ್ತಾರೆ. ಪದಗಳನ್ನು ಎಣಿಸುವ ನನ್ನ ಸಹಪಾಠಿಗೆ ಯಾರು ಯಾವ ಗುಂಪೆಂದು ಹೇಳುವುದಿಲ್ಲ. ಒಂದೇ ಹಾಸ್ಟೆಲಿನ ಹುಡುಗಿಯರ ಮೇಲೆ ನಡೆಸಿದ್ದರಿಂದ ಎಲ್ಲರ ಬಗ್ಗೆ ಹೇಳಲಾಗದು ಎಂಬುದನ್ನು ವರದಿಯ ಮೊದಲ ಪುಟದಲ್ಲಿಯೇ ಬರೆಯುತ್ತೇನೆ.

ಪ್ರಶ್ನೆಯನ್ನು ಹೀಗೆ ತಿದ್ದಿದ್ದೇನೆ: ‘ನಿನ್ನೆ ರಾತ್ರಿ ಹಾಸಿಗೆಗೆ ಹೋದ ಮೇಲೆ, ನಿದ್ದೆ ಬರುವುದಕ್ಕೆ ಮೊದಲು, ಮೊಬೈಲ್ ಕೈಗೆ ತೆಗೆದುಕೊಂಡಿರಾ?’ ಕಾರ್ಕಳದ ಅಕ್ಕ, ನಮ್ಮಲ್ಲಿ ಹತ್ತು ಮಂದಿಯ ಮನೆಮಾತು ತುಳು. ‘ಜೆಪ್ಪುನಿ’ ಎಂದರೆ ಅದರಲ್ಲಿಯೂ ಒರಗುವುದು, ನಿದ್ದೆ ಹೋಗುವುದು ಎರಡೂ ಆಗುತ್ತದಲ್ಲವೇ? ಶನಿವಾರ ಚೀಟಿ ಎತ್ತುತ್ತೇವೆ. ಅದಕ್ಕೆ ಮೊದಲು ತುಳು ಪ್ರಶ್ನೆಯನ್ನು ನೀವೊಮ್ಮೆ ನೋಡಿಕೊಡಬೇಕು.

ಆಶಾ ಕಾರ್ಯಕರ್ತೆ, ಕಾರ್ಕಳ

ಹೌದು, ಎರಡೂ ಆಗುತ್ತದೆ. ನಾಳೆ ಅಂಗನವಾಡಿಗೆ ಬರುವ ತಾಯಂದಿರಿಗೆ ಎರಡು ಬಗೆಯಾಗಿ ಕೇಳಿ ನೋಡಿ, ಯಾವುದಕ್ಕೆ ಮರುಪ್ರಶ್ನೆ ಬರುವುದಿಲ್ಲವೋ ಅದನ್ನು ಸಂಜೆಯೊಳಗೆ ಇಲ್ಲಿಯೇ ಬರೆಯುತ್ತೇನೆ.